ಯಾವ ಗುರು, ಯಾವ ದಾರಿ? ಕರಾವಳಿ ಕೇಳುತ್ತಲೇ ಬಂದ ಪ್ರಶ್ನೆ

ಉಡುಪಿ, ಮಂಗಳೂರಿನಲ್ಲಿ ಸಾಧನೆ ಮಾಡಬೇಕು ಅನಿಸಿದವರಿಗೆ ದಾರಿಯ ಬರಗಾಲ ಇಲ್ಲ. ಮನೆಯಲ್ಲಿ ಅಜ್ಜಿ ಹೇಳಿಕೊಟ್ಟ ನಾಮಜಪ ಉಂಟು. ಮಠದಲ್ಲಿ ಮೈಮೇಲೆ ಶಂಖ, ಚಕ್ರದ ಗುರುತು ಒತ್ತುವ ಮುದ್ರಾಧಾರಣೆ ಉಂಟು. ಬೆಳಿಗ್ಗೆ ಬೇಗ ಯೋಗದ ಕ್ಲಾಸು, ಭಾನುವಾರ ಸತ್ಸಂಗ, ರಜೆ ಸಿಕ್ಕಿದರೆ ಹತ್ತು ದಿನದ ಮೌನ ಶಿಬಿರ. ಇಷ್ಟು ಸಾಲದು ಅಂದರೆ ಮೊಬೈಲಿನಲ್ಲಿ ರಮಣ ಮಹರ್ಷಿಗಳಿಂದ ಹಿಡಿದು ಟಿಬೆಟಿನ ಲಾಮಾಗಳವರೆಗೆ ಎಲ್ಲರೂ ಸಿಗುತ್ತಾರೆ. ಹಾಗಾಗಿ ಹುಡುಕುವವರಿಗೆಲ್ಲ ಒಂದೇ ಚಿಂತೆ. ಯಾವುದನ್ನು ಹಿಡಿಯುವುದು? ಮನೆಯ ದಾರಿ ಬಿಟ್ಟು ಬೇರೆ ಕಡೆ ಹೋದರೆ ಗುರುದ್ರೋಹ ಆಗುತ್ತದಾ?

ಇದೆಲ್ಲ ಯೂಟ್ಯೂಬ್ ತಂದ ಗೊಂದಲ, ಹಿಂದಿನವರಿಗೆ ಒಬ್ಬನೇ ಗುರು, ಒಂದೇ ದಾರಿ ಇತ್ತು ಅಂತ ಹಿರಿಯರು ಹೇಳುವುದುಂಟು. ನಮ್ಮ ಊರಿನ ಚರಿತ್ರೆ ಹಾಗೆ ಹೇಳುವುದಿಲ್ಲ. ಗುರುವನ್ನು ಪ್ರಶ್ನಿಸುವುದು, ಬಿಡುವುದು, ಒಂದು ದಾರಿಯಲ್ಲಿ ನಿಂತೇ ಇನ್ನೊಂದಕ್ಕೆ ಕೈ ಮುಗಿಯುವುದು, ಇದು ಇಲ್ಲಿ ಸಾವಿರ ವರ್ಷದಿಂದ ನಡೆದಿದೆ.

ಕದ್ರಿ ಮಂಜುನಾಥನ ದೇವಸ್ಥಾನಕ್ಕೆ ಹೋದವರು ಲಿಂಗಕ್ಕೆ ಕೈ ಮುಗಿದು, ಪ್ರಸಾದ ತೆಗೆದುಕೊಂಡು ಹೊರಡುತ್ತಾರೆ. ಅಲ್ಲಿರುವ ಕಂಚಿನ ಲೋಕೇಶ್ವರನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೂರು ಮುಖ, ಆರು ಕೈ, ಪದ್ಮಾಸನ ಹಾಕಿ ಕೂತ ಮೂರ್ತಿ. ಪೀಠದಲ್ಲಿ ಶಾಸನ ಇದೆ. ತುಳುನಾಡನ್ನು ಆಳಿದ ಆಳುಪರ ರಾಜ ಕುಂದವರ್ಮ 968ರಲ್ಲಿ ಇದನ್ನು ಕದಿರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ ಅಂತ ಅದು ಹೇಳುತ್ತದೆ. ವಿಹಾರ ಅಂದರೆ ಬೌದ್ಧರದ್ದು, ಮೂರ್ತಿ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರನದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ನಾಥಪಂಥದ ಯೋಗಿಗಳ ಆದಿಗುರು ಮತ್ಸ್ಯೇಂದ್ರನಾಥನೇ ಇವನು ಅನ್ನುವವರೂ ಇದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಒಂದು ವಿಷಯ. ಅದೇ ಶಾಸನದಲ್ಲಿ ರಾಜ ತನ್ನನ್ನು ಶಿವಭಕ್ತ ಅಂತ ಕರೆದುಕೊಂಡಿದ್ದಾನೆ. ಶಿವನ ಭಕ್ತ ವಿಹಾರದಲ್ಲಿ ಲೋಕೇಶ್ವರನನ್ನು ಕೂರಿಸಿದ. ಅವನಿಗೆ ಅದರಲ್ಲಿ ಅಡ್ಡಿ ಕಾಣಲಿಲ್ಲ.

ಅಲ್ಲಿಂದ ಗುಡ್ಡ ಹತ್ತಿದರೆ ಜೋಗಿ ಮಠ. ವಿಹಾರದ ಕಾಲ ಮುಗಿದ ಮೇಲೆ ಇಲ್ಲಿ ಬೇರೂರಿದ್ದು ನಾಥಪಂಥ. ಉಸಿರು, ಆಸನ, ಕುಂಡಲಿನಿಯ ದಾರಿ ಅವರದ್ದು. ಈಗಲೂ ಹನ್ನೆರಡು ವರ್ಷಕ್ಕೊಮ್ಮೆ, ನಾಸಿಕದ ಕುಂಭಮೇಳ ಆದ ಮೇಲೆ, ತ್ರ್ಯಂಬಕೇಶ್ವರದಿಂದ ಜೋಗಿಗಳ ಝುಂಡಿ, ಅಂದರೆ ಗುಂಪು, ತಿಂಗಳುಗಟ್ಟಲೆ ನಡೆದುಕೊಂಡು ಕದ್ರಿಗೆ ಬರುತ್ತದೆ. ಶಿವರಾತ್ರಿಯ ಹೊತ್ತಿಗೆ ಹೊಸ ಮಠಾಧಿಪತಿಗೆ ಪಟ್ಟ. ಅವರನ್ನು ರಾಜಾ ಅಂತಲೇ ಕರೆಯುತ್ತಾರೆ. ಕಳೆದ ಸಲ ಪಟ್ಟಾಭಿಷೇಕ ಆದದ್ದು 2016ರಲ್ಲಿ. ಅಧಿಕಾರ ಹನ್ನೆರಡು ವರ್ಷಕ್ಕೆ ಮಾತ್ರ. ಗುರುಪೀಠಕ್ಕೂ ಅವಧಿ ಇಟ್ಟ ಈ ಕ್ರಮದ ಬಗ್ಗೆ ಮಂಗಳೂರಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ಗೊತ್ತಿಲ್ಲ.

ಇನ್ನು ಉಡುಪಿ. ಮಧ್ವಾಚಾರ್ಯರ ಗುರು ಅಚ್ಯುತಪ್ರೇಕ್ಷರು ಅದ್ವೈತದ ದಾರಿಯ ಸಂನ್ಯಾಸಿ. ಅವರಿಗೂ ಒಬ್ಬ ಗುರು ಇದ್ದರು. ನಾರಾಯಣ ಪಂಡಿತಾಚಾರ್ಯರು ಮಧ್ವರ ಜೀವನದ ಬಗ್ಗೆ ಬರೆದ ಸುಮಧ್ವವಿಜಯದಲ್ಲಿ ಆ ಹಿರಿಯರ ಕೊನೆಗಾಲದ ಪ್ರಸಂಗ ಬರುತ್ತದೆ. ಶಿಷ್ಯನನ್ನು ಹತ್ತಿರ ಕರೆದು ಅವರು ಒಂದು ಸತ್ಯ ಹೇಳುತ್ತಾರೆ. ನಾನೇ ಬ್ರಹ್ಮ ಅನ್ನುವ ಅನುಭವ ತನಗೂ ಆಗಲಿಲ್ಲ, ತನ್ನ ಹಿರಿಯರಿಗೂ ಆಗಿರಲಿಲ್ಲ, ಹಾಗಾಗಿ ನೀನು ಹರಿಯ ಸೇವೆ ಮಾಡು ಅಂತ. ಇದು ಮಾಧ್ವರು ಬರೆದ ಕಾವ್ಯ. ಅದ್ವೈತಿಗಳು ಈ ಕಥೆಯನ್ನು ಒಪ್ಪಬೇಕಾಗಿಲ್ಲ. ಆದರೆ ಗುರು ಒಬ್ಬ ತನ್ನ ಶಿಷ್ಯನ ಮುಂದೆ "ನಾನು ಕಂಡಿಲ್ಲ" ಅಂತ ಒಪ್ಪಿಕೊಳ್ಳುವ ಚಿತ್ರವನ್ನು ಒಂದು ಪರಂಪರೆ ತನ್ನ ಮೊದಲ ಪುಟಗಳಲ್ಲೇ ಇಟ್ಟುಕೊಂಡಿದೆಯಲ್ಲ, ಅದು ಸಣ್ಣ ವಿಷಯ ಅಲ್ಲ.

ಅಚ್ಯುತಪ್ರೇಕ್ಷರು ಉಡುಪಿಯ ಅನಂತೇಶ್ವರನ ಸೇವೆ ಮಾಡುತ್ತಾ ಕಾದರು. ಮುಂದೆ ಬರುವ ಒಬ್ಬ ಶಿಷ್ಯನಿಂದಲೇ ನಿನಗೆ ತಿಳಿವು ಸಿಗುತ್ತದೆ ಅಂತ ಅವರಿಗೆ ಅಲ್ಲಿ ಸೂಚನೆ ಆಯಿತು ಅನ್ನುತ್ತದೆ ಕಥೆ. ಆಮೇಲೆ ಬಂದವನು ಪಾಜಕದ ಹುಡುಗ ವಾಸುದೇವ, ಮುಂದಿನ ಮಧ್ವಾಚಾರ್ಯರು. ಸಣ್ಣ ಪ್ರಾಯದಲ್ಲೇ ಸಂನ್ಯಾಸ ಕೊಟ್ಟರು. ಅದ್ವೈತದ ಇಷ್ಟಸಿದ್ಧಿ ಗ್ರಂಥದ ಪಾಠ ಶುರುವಾಯಿತು. ಮೊದಲ ಪದ್ಯದಲ್ಲೇ ಹುಡುಗ 32 ತಪ್ಪು ಎತ್ತಿ ತೋರಿಸಿದ. ಗುರು ಮತ್ತು ಶಿಷ್ಯನ ನಡುವೆ ವಾದ ವರ್ಷಗಟ್ಟಲೆ ಬೆಳೆಯಿತು. ಕೊನೆಗೆ ಗುರುವೇ ಶಿಷ್ಯನ ಸಿದ್ಧಾಂತ ಒಪ್ಪಿಕೊಂಡರು. ಈ ಕಾವ್ಯ ಬರೆದವರ ತಂದೆ ತ್ರಿವಿಕ್ರಮ ಪಂಡಿತರೂ ಅಷ್ಟೇ. ಕಾಸರಗೋಡಿನ ಕಡೆಯ ದೊಡ್ಡ ವಿದ್ವಾಂಸರು. ಮಧ್ವರ ಎದುರು ದಿನಗಟ್ಟಲೆ ವಾದ ಮಾಡಿದ ಮೇಲೆಯೇ ಶಿಷ್ಯರಾದದ್ದು.

ಇವರು ತೂಗುತ್ತಿದ್ದದ್ದು ಗುರುವಿನ ಮಾತಿನ ಸೊಗಸನ್ನೋ ಮುಖದ ತೇಜಸ್ಸನ್ನೋ ಅಲ್ಲ. ದಾರಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು. ಅದ್ವೈತದಲ್ಲಿ ಕೊನೆಯ ಅರಿವು ಅಂದರೆ ಎರಡು ಇಲ್ಲ ಅಂತ ಕಾಣುವುದು. ಮಧ್ವರಲ್ಲಿ ದೇವರನ್ನು ನೇರ ಕಾಣುವುದು, ಕಂಡ ಮೇಲೂ ಅವನು ಒಡೆಯ, ನಾನು ಸೇವಕ. ಎಲ್ಲ ದಾರಿಯೂ ಕೊನೆಗೆ ಒಂದೇ ಅಂತ ಇವತ್ತು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಉಡುಪಿ ಆ ಮಾತನ್ನು ಯಾವತ್ತೂ ಒಪ್ಪಲಿಲ್ಲ. ಈ ಹಟದಲ್ಲಿ ಪ್ರಾಮಾಣಿಕತೆ ಇದೆ ಅಂತ ನನಗೆ ಅನಿಸುತ್ತದೆ. ಪ್ರತಿ ಜೀವಕ್ಕೂ ಅದರದ್ದೇ ಯೋಗ್ಯತೆ, ಅದಕ್ಕೆ ತಕ್ಕ ಉಪಾಸನೆ ಅಂತ ಮಧ್ವರು ಹೇಳಿದ್ದೂ ಒಳ್ಳೆಯ ಮಾತೇ. ಆದರೆ ಕೆಲವು ಜೀವಗಳ ಸ್ವಭಾವಕ್ಕೆ ಮೋಕ್ಷವೇ ಇಲ್ಲ ಅನ್ನುವ ಭಾಗ ನನ್ನ ಗಂಟಲಲ್ಲಿ ಇವತ್ತಿಗೂ ಇಳಿಯುವುದಿಲ್ಲ.

ಮುಂದಿನ ಕೆಲವು ಶತಮಾನಗಳಲ್ಲಿ ಪ್ರಶ್ನೆಯೇ ಬದಲಾಯಿತು. ಮಠಗಳು ಗಟ್ಟಿಯಾದವು. ಎರಡು ತಿಂಗಳಿಗೊಮ್ಮೆ ಆಗುತ್ತಿದ್ದ ಅಷ್ಟಮಠಗಳ ಪರ್ಯಾಯವನ್ನು, ಅಂದರೆ ಕೃಷ್ಣನ ಪೂಜೆಯ ಸರದಿಯನ್ನು, ಸೋದೆ ಮಠದ ವಾದಿರಾಜರು ಎರಡು ವರ್ಷಕ್ಕೆ ಮಾಡಿದರು. ಯಾರಿಗೆ ಯಾವ ಗುರು ಅನ್ನುವುದು ಹುಟ್ಟಿದ ಮನೆಯಲ್ಲೇ ತೀರ್ಮಾನ ಆಗತೊಡಗಿತು. ಎಷ್ಟೋ ಜನರಿಗೆ ಆಯ್ಕೆಯ ಮಾತೇ ಇರಲಿಲ್ಲ, ಒಳಗೆ ಬಿಡುತ್ತಿರಲಿಲ್ಲ. ಕನಕದಾಸರ ಕಥೆಯಲ್ಲಿ ಎಲ್ಲರೂ ಕಿಂಡಿಯನ್ನು ನೆನಪಿಡುತ್ತಾರೆ. ಇನ್ನೊಂದು ಐತಿಹ್ಯ ಉಂಟು. ಮಂತ್ರ ಕೊಡಿ ಅಂತ ಕೇಳಿದಾಗ ಮಾಧ್ವ ಯತಿ ವ್ಯಾಸರಾಯರು ಗದರಿ, ಕೋಣ, ನಿನಗೆಂಥ ಮಂತ್ರ ಅಂದರಂತೆ. ಕನಕರು ಅದನ್ನೇ ಮಂತ್ರ ಅಂತ ಹಿಡಿದು ಜಪ ಮಾಡಿದರು. ಯಮನ ಕೋಣವೇ ಎದುರು ಬಂದು ನಿಂತಿತು. ಇದನ್ನು ಗುರುಭಕ್ತಿಯ ಕಥೆ ಅಂತ ಹೇಳುತ್ತಾರೆ. ನಾನು ಕೇಳುವಾಗ ಮಾತ್ರ ಸರಿಯಾದ ಮಂತ್ರ ಸಿಗದೆಯೂ ದಾರಿ ಮಾಡಿಕೊಂಡ ಒಬ್ಬ ಮನುಷ್ಯನೇ ಕಾಣುತ್ತಾನೆ.

ಹತ್ತೊಂಬತ್ತನೇ ಶತಮಾನದಲ್ಲಿ ಈ ಬಾಗಿಲು ಮುಚ್ಚಿದ ಸ್ಥಿತಿಗೆ ಹೊರಗಿನಿಂದ ಪೆಟ್ಟು ಬಿತ್ತು. 1834ರಲ್ಲಿ ಕ್ರೈಸ್ತ ಮಿಷನರಿಗಳ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. 1870ರಲ್ಲಿ ಮೂರ್ತಿಪೂಜೆ, ಜಾತಿಭೇದ ಒಪ್ಪದ ಬ್ರಹ್ಮಸಮಾಜ ಬಂತು. ಬ್ರಹ್ಮಸಮಾಜದವರನ್ನು ಇಲ್ಲಿಗೆ ಕರೆಸಲು ಓಡಾಡಿದವರಲ್ಲಿ ಬಿಲ್ಲವರ ಮುಖಂಡ ಅರಸಪ್ಪ ಮುಖ್ಯರು. ದೇವಸ್ಥಾನದ ಹೊರಗೆ ನಿಲ್ಲಿಸಿದ್ದ ಸಮುದಾಯವೊಂದು ತನಗೆ ತಕ್ಕ ದಾರಿ ಯಾವುದು ಅಂತ ಒಟ್ಟಾಗಿ ತೂಗಿ ನೋಡಿದ ಕಾಲ ಅದು. ಆ ಹುಡುಕಾಟ ನೆಲೆ ಕಂಡದ್ದು ಕೇರಳದ ನಾರಾಯಣ ಗುರುಗಳಲ್ಲಿ. 1912ರಲ್ಲಿ ಅವರು ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ದಸರಾದಲ್ಲಿ ಕುದ್ರೋಳಿಯ ದೀಪ ನೋಡಲಿಕ್ಕೆ ಹೋಗುವ ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು. ಯಾವ ಗುರು ಒಳ್ಳೆಯವರು ಅಂತ ಕೇಳುವ ಮೊದಲು, ಯಾವ ಗುರು ನಮ್ಮನ್ನು ಹತ್ತಿರ ಬಿಡುತ್ತಾರೆ ಅಂತ ಕೇಳಬೇಕಾಗಿದ್ದವರು ಇದೇ ಊರಿನಲ್ಲಿ ಇದ್ದರು.

ಈಗಿನ ಹುಡುಕಾಟಕ್ಕೆ ಹೆಚ್ಚು ಹತ್ತಿರ ಅನಿಸುವುದು 1920ರ ದಶಕ. ವಿಠಲರಾಯರು ಅನ್ನುವ ಗೃಹಸ್ಥರು ಮಂಗಳೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ವ್ಯವಹಾರ ನಡೆಸುತ್ತಿದ್ದರು. ಕಷ್ಟದ ಹೊತ್ತಿನಲ್ಲಿ ತಂದೆಯಿಂದ ರಾಮಮಂತ್ರ ಸಿಕ್ಕಿತು. 1922ರ ಕೊನೆಗೆ ಮನೆ ಬಿಟ್ಟು ಹೊರಟರು. ತಿರುವಣ್ಣಾಮಲೈಯಲ್ಲಿ ರಮಣರ ದರ್ಶನ ಮಾಡಿ, ಅರುಣಾಚಲದ ಗುಹೆಯೊಂದರಲ್ಲಿ ಕೂತು ಜಪ ಮಾಡಿದರು. ದೇಶ ಸುತ್ತಿ ವಾಪಸು ಬಂದು ಕದ್ರಿ ಗುಡ್ಡದ ಪಾಂಡವರ ಗುಹೆಯಲ್ಲಿ ಉಳಿದರು. ಮುಂದೆ ಕಾಞಂಗಾಡಿನಲ್ಲಿ ಆನಂದಾಶ್ರಮ ಕಟ್ಟಿದ ಸ್ವಾಮಿ ರಾಮದಾಸರು ಇವರೇ. ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ರಮಣರ ಮುಂದೆ ಕೂತು ಬಂದ ಮೇಲೂ ಅವರು ಅಪ್ಪ ಕೊಟ್ಟ ಮಂತ್ರವನ್ನು ಬಿಡಲಿಲ್ಲ. ಒಬ್ಬರ ಕೃಪೆ, ಇನ್ನೊಬ್ಬರ ಸಾಧನೆ, ಎರಡೂ ಒಂದೇ ಜೀವದಲ್ಲಿ ಜಗಳ ಇಲ್ಲದೆ ಕೂತವು.

ಅದೇ ಕಾಲದಲ್ಲಿ ಮಂಗಳೂರು, ಬಂಟ್ವಾಳದ ಕಡೆ ಒಬ್ಬ ಅವಧೂತರು ಅಲೆಯುತ್ತಿದ್ದರು. ನಿತ್ಯಾನಂದರು. ಅವರು ಪಾಠ ಮಾಡಲಿಲ್ಲ, ಪಂಥ ಕಟ್ಟಲಿಲ್ಲ. ಅವರ ಬಾಯಿಂದ ಬಂದ ಮಾತುಗಳನ್ನು ತುಳಸಿ ಅಮ್ಮ ಅನ್ನುವ ಭಕ್ತೆ ಬರೆದಿಟ್ಟುಕೊಂಡರು. ಅದೇ ಚಿದಾಕಾಶ ಗೀತೆ ಆಯಿತು. ಗುರು ಬರೆದದ್ದಲ್ಲ, ಕೇಳಿಸಿಕೊಂಡವರು ಉಳಿಸಿದ್ದು.

1947ರಲ್ಲಿ ಮಂಗಳಾದೇವಿಯಲ್ಲಿ ರಾಮಕೃಷ್ಣ ಮಠ ಶುರುವಾಯಿತು. 1969ರಲ್ಲಿ ಗೋಯೆಂಕಾ ಅವರು ಬರ್ಮಾದಿಂದ ಬಂದು ಭಾರತದಲ್ಲಿ ವಿಪಶ್ಯನ ಕಲಿಸತೊಡಗಿದರು. ಉಸಿರನ್ನು, ಮೈಯ ಅನುಭವವನ್ನು ಸುಮ್ಮನೆ ಗಮನಿಸುವ ಬೌದ್ಧ ಧ್ಯಾನ ಅದು. ಆಮೇಲೆ ಶಿಬಿರಗಳ ಕಾಲ. ಉಡುಪಿಯ ಬನ್ನಂಜೆ ಗೋವಿಂದಾಚಾರ್ಯರ ಪ್ರವಚನವನ್ನು ಮಠದ ಮೆಟ್ಟಿಲು ಹತ್ತದವರೂ ಅಡುಗೆ ಮಾಡುತ್ತಾ ಕೇಳುವ ಹಾಗಾಯಿತು. ಬಾಗಿಲು ತೆರೆಯಿತು. ಇದು ದೊಡ್ಡ ಲಾಭ. ಇದನ್ನು ಗೊಂದಲ ಅಂತ ಬೈಯುವುದು ಸರಿಯಲ್ಲ.

ಆದರೆ ತೂಗುವ ಕೆಲಸ ಈಗ ಒಬ್ಬೊಬ್ಬರ ತಲೆ ಮೇಲೆ ಬಿದ್ದಿದೆ. ನನ್ನ ಪರಿಚಯದ ಒಬ್ಬರು ಮೌನ ಶಿಬಿರಕ್ಕೆ ಹೋಗಿ ಬಂದರು. ಚಿಕ್ಕಂದಿನಿಂದ ಕೃಷ್ಣನ ಜಪ ಮಾಡಿದವರು. ಉಸಿರು ನೋಡುತ್ತಾ ಕೂತಾಗ ಕೃಷ್ಣನ ರೂಪ ಎದುರು ಬರುತ್ತಿತ್ತು. ಅದನ್ನು ಬಿಡಿ, ಉಸಿರಿಗೆ ವಾಪಸು ಬನ್ನಿ ಅಂತ ಶಿಬಿರದಲ್ಲಿ ಹೇಳಿದರು. ಊರಿಗೆ ಬಂದು ಮನೆಯ ಗುರುಗಳನ್ನು ಕೇಳಿದರೆ, ಬಂದದ್ದನ್ನು ಯಾಕೆ ಬಿಡುತ್ತೀರಿ, ಅದನ್ನೇ ಹಿಡಿಯಿರಿ ಅಂದರು. ಇಬ್ಬರಲ್ಲಿ ಯಾರು ಸರಿ? ಇಬ್ಬರೂ ಸರಿ, ಯಾಕೆಂದರೆ ಅವರು ಕರೆದುಕೊಂಡು ಹೋಗುವ ಜಾಗ ಬೇರೆ. ಒಂದರಲ್ಲಿ ರೂಪವೂ ಹುಟ್ಟಿ ಅಳಿಯುವ ಒಂದು ಅನುಭವ. ಇನ್ನೊಂದರಲ್ಲಿ ಅದೇ ಗುರಿ. ಶಿಬಿರದ ಹತ್ತು ದಿನ ಬೇರೆ ಸಾಧನೆ ಬೆರೆಸಬೇಡಿ ಅಂತ ವಿಪಶ್ಯನದವರು ಹೇಳುವುದು ಈ ಕಾರಣಕ್ಕೆ. ಅದು ಸಂಕುಚಿತ ಬುದ್ಧಿ ಅಲ್ಲ. ಎರಡನ್ನೂ ಕಲಸಿದರೆ ಯಾವುದು ಏನು ಮಾಡಿತು ಅಂತಲೇ ಗೊತ್ತಾಗುವುದಿಲ್ಲ.

ಹತ್ತು ಕಡೆ ತೋಡಿದರೆ ಬಾವಿಯಲ್ಲಿ ನೀರು ಬರುವುದಿಲ್ಲ ಅಂತ ಬುದ್ಧಿ ಹೇಳುವವರು ಬೇಕಾದಷ್ಟು ಜನ. ನಿಜವೇ. ಆದರೆ ನಮ್ಮ ಮುರಕಲ್ಲಿನ ನೆಲದಲ್ಲಿ ಬಾವಿ ತೋಡಿದವರಿಗೆ ಇನ್ನೊಂದೂ ಗೊತ್ತು. ಅಡಿಯಲ್ಲಿ ಪಾದೆ, ಅಂದರೆ ಬಂಡೆ, ಸಿಕ್ಕಿದರೆ ಜಾಗ ಬದಲಾಯಿಸಲೇಬೇಕು. ಹಾಗಾದರೆ ಪಾದೆ ಯಾವುದು, ಬರೀ ಗಟ್ಟಿ ಮಣ್ಣು ಯಾವುದು ಅಂತ ತಿಳಿಯುವುದು ಹೇಗೆ? ಇಲ್ಲಿ ನನಗೆ ಎರಡು ಹಳೆಯ ಮಾತು ನೆರವಾಗಿವೆ.

ಒಂದು ಕ್ಯಾಥೋಲಿಕ್ ಸಂನ್ಯಾಸಿಗಳ ಸಂಘವಾದ ಜೆಸ್ವಿಟರದ್ದು. ಅವರು 1878ರ ಕೊನೆಯ ದಿನ ಮಂಗಳೂರಿಗೆ ಬಂದವರು. ನಮ್ಮಲ್ಲಿ ಹೆಚ್ಚಿನವರಿಗೆ ಅವರು ಗೊತ್ತಿರುವುದು ಸಂತ ಅಲೋಶಿಯಸ್ ಕಾಲೇಜಿನಿಂದ, ಅಲ್ಲಿನ ಚಾಪೆಲಿನ ಗೋಡೆಯ ಚಿತ್ರಗಳಿಂದ. ಆದರೆ ಅವರ ಮೂಲಪುರುಷ ಇಗ್ನೇಷಿಯಸ್ ಲೊಯೊಲಾ ಮನಸ್ಸಿನ ಏರಿಳಿತ ಗುರುತಿಸಲಿಕ್ಕೆ ನಿಯಮಗಳನ್ನೇ ಬರೆದಿಟ್ಟಿದ್ದಾರೆ. ಅದರಲ್ಲಿ ಒಂದು ಹೀಗಿದೆ. ಪ್ರಾರ್ಥನೆ ಒಣಗಿ, ಮನಸ್ಸು ಮಂಕಾಗಿರುವಾಗ ಹಿಂದೆ ಮಾಡಿದ ನಿರ್ಧಾರ ಬದಲಾಯಿಸಬೇಡ. ಜಪ ಬೋರಾಯಿತು ಅಂತ ಗುರು ಬದಲಾಯಿಸುವವರು ಈ ಮಾತನ್ನು ಎರಡು ಸಲ ಓದಬೇಕು.

ಇನ್ನೊಂದು ಮಧ್ವರದ್ದೇ. ಬ್ರಹ್ಮಸೂತ್ರ ಭಾಷ್ಯದ ಮೂರನೇ ಅಧ್ಯಾಯದಲ್ಲಿ ಅವರು ಈ ಪ್ರಶ್ನೆಯನ್ನು ನೇರ ಎತ್ತಿಕೊಳ್ಳುತ್ತಾರೆ. ಮೊದಲಿನ ಗುರುವಿಗಿಂತ ಉತ್ತಮರು ತಾವಾಗಿಯೇ ಸಿಕ್ಕಿದರೆ ಹಿಂದೆ ಮುಂದೆ ನೋಡದೆ ಸ್ವೀಕರಿಸಬಹುದು. ಇಬ್ಬರೂ ಸಮಾನರಾದರೆ ಆಯ್ಕೆ ಶಿಷ್ಯನದ್ದು. ಗುರುಪ್ರಸಾದಕ್ಕಿಂತ ಬಲವಾದದ್ದು ಇಲ್ಲ, ಆದರೂ ಶ್ರವಣ ಮೊದಲಾದ ಸಾಧನೆಯನ್ನು ಶಿಷ್ಯ ತಾನೇ ಮಾಡಬೇಕು ಅಂತಲೂ ಅಲ್ಲೇ ಇದೆ. ಏಳುನೂರು ವರ್ಷ ಹಿಂದೆ ಉಡುಪಿಯವರೇ ಬರೆದದ್ದು. ಬೇರೆ ಕಡೆ ಹೋದರೆ ಗುರುದ್ರೋಹ ಅಂತ ಹೆದರಿಸುವವರು ಈ ಭಾಗವನ್ನು ಯಾಕೆ ಹೇಳುವುದಿಲ್ಲವೋ.

ಒಂದು ಶಿಬಿರದಲ್ಲಿ ನಾನೇ ಪ್ರಶ್ನೆ ಕೇಳಿ, ಇದು ನಿಮ್ಮ ಅಹಂಕಾರ, ಸುಮ್ನೆ ಕೂತುಕೊಳ್ಳಿ ಅನ್ನಿಸಿಕೊಂಡಿದ್ದೇನೆ. ಇಂಥ ಕಡೆ ನಾನು ಮತ್ತೆ ಹೋಗುವುದಿಲ್ಲ. ಹೊಸಬರು ಕೇಳಿದರೆ ಹೇಳುವುದೂ ಅದನ್ನೇ. ಸಾಧನೆ ಕಷ್ಟ ಅಂತ ಬಿಡಬೇಡಿ. ಪ್ರಶ್ನೆ ಕೇಳಿದ್ದಕ್ಕೆ ಬಾಯಿ ಮುಚ್ಚಿಸಿದರೆ, ಹಣದ ಲೆಕ್ಕ ಕೇಳಿದರೆ ಮುಖ ತಿರುಗಿಸಿದರೆ, ಮನೆಯವರಿಂದ ದೂರ ಇರಿ ಅಂದರೆ ಎದ್ದು ಬನ್ನಿ. ಗುರುಗಳ ಹತ್ತಿರ ಕೇಳಬೇಕಾದದ್ದು ಇಷ್ಟು. ನೀವು ಹೇಳುವ ಈ ದಾರಿ ಎಲ್ಲಿಗೆ ಹೋಗುತ್ತದೆ? ನಿಮಗೆ ಅದು ಕಂಡಿದೆಯಾ? ನನಗೆ ಆಗದಿದ್ದರೆ ನಾನು ಹೊರಡಬಹುದಾ?

ಆ ಪರಿಚಯದವರು ಕೊನೆಗೆ ಜಪವನ್ನೇ ಹಿಡಿದುಕೊಂಡರು. ಶಿಬಿರ ವ್ಯರ್ಥ ಅಂತ ಅವರಿಗೆ ಅನಿಸಿಲ್ಲ. ಒಂದು ಗಂಟೆ ಅಲುಗಾಡದೆ ಕೂರುವುದನ್ನು ಅಲ್ಲಿಯೇ ಕಲಿತದ್ದು ಅನ್ನುತ್ತಾರೆ.