ದರೋಜಿ ಈರಮ್ಮನ ಹಾಡು ಯಾರ ಪಾಲಿಗೆ ಸೇರಿದ್ದು?

ಯಾವುದಾದರೂ ಜನಪದ ಗೀತೆಯ ವಿಡಿಯೋ ತೆರೆದು, ಕೆಳಗಿನ ವಿವರ ಓದಿ. ಸಂಗೀತಕ್ಕೆ ಒಬ್ಬರ ಹೆಸರು ಇರುತ್ತದೆ, ಗಾಯನಕ್ಕೆ ಇನ್ನೊಬ್ಬರ ಹೆಸರು, ಹಕ್ಕು ಕಂಪನಿಯದು. ಸಾಹಿತ್ಯದ ಮುಂದೆ ಮಾತ್ರ 'ಜನಪದ' ಎಂದು ಬರೆದಿರುತ್ತಾರೆ. ಆ ಹಾಡನ್ನು ಇಡೀ ಜೀವಮಾನ ಹಾಡಿ, ಬೆಳೆಸಿ, ಸಂಗ್ರಹಕಾರರ ಕೈಗೆ ಕೊಟ್ಟ ಹೆಂಗಸು ಯಾರು ಅಂತ ಎಲ್ಲೂ ಸಿಗುವುದಿಲ್ಲ. ಇದು ಒಂದೇ ದಿನದಲ್ಲಿ ಆದದ್ದಲ್ಲ, ಯಾರೋ ಒಬ್ಬರು ಮಾಡಿದ್ದೂ ಅಲ್ಲ. ಹೇಗಾಯಿತು ಅನ್ನುವುದನ್ನು ಬುರ್ರಕಥೆ, ಅಂದರೆ ವಾದ್ಯದ ಜೊತೆ ಹಾಡಿ ಹೇಳುವ ಕಥೆ, ಹಾಡುತ್ತಿದ್ದ ದರೋಜಿ ಈರಮ್ಮನ ಬದುಕಿನಿಂದ ನೋಡಿದರೆ ಸ್ವಲ್ಪ ಸ್ಪಷ್ಟವಾಗುತ್ತದೆ.

ಹಿಂದಿನ ಕಥೆ ಚಿಕ್ಕದಾಗಿ ಹೇಳಬೇಕೆಂದರೆ: 1880ರ ದಶಕದಲ್ಲಿ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಕನ್ನಡ ಲಾವಣಿಗಳನ್ನು ಅಚ್ಚು ಹಾಕಿಸಿದ, 1931ರಲ್ಲಿ ಹಲಸಂಗಿ ಗೆಳೆಯರು ಗರತಿಯ ಹಾಡುಗಳನ್ನು ಪುಸ್ತಕ ಮಾಡಿದರು, 1979ರಲ್ಲಿ ಎಚ್.ಎಲ್. ನಾಗೇಗೌಡರು ಜಾನಪದ ಪರಿಷತ್ತು ಕಟ್ಟಿದರು, 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂತು. ಇದೆಲ್ಲ ದೊಡ್ಡ ಕೆಲಸವೇ, ಅದರಲ್ಲಿ ಅನುಮಾನವಿಲ್ಲ. ಇವರು ಇಲ್ಲದಿದ್ದರೆ ಎಷ್ಟೋ ಹಾಡು ನಮಗೆ ಸಿಗುತ್ತಲೇ ಇರಲಿಲ್ಲ. ಆದರೆ ಮೊದಲಿನ ದಶಕಗಳಲ್ಲಿ ಹಾಡು ಪುಸ್ತಕಕ್ಕೆ ಬಂತು, ಹಾಡಿದವಳು ಬರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಬರೀ 'ಗರತಿ' ಆದಳು. ಆಗ ಅದು ಯಾರಿಗೂ ತಪ್ಪು ಅನ್ನಿಸಲಿಲ್ಲ. ಹಾಡು ಎಲ್ಲರದು ಅಲ್ವಾ, ಹೆಸರು ಯಾಕೆ ಬೇಕು ಅನ್ನುವ ಕಾಲ ಅದು.

ಈರಮ್ಮ ಹುಟ್ಟಿದ್ದು ಸುಮಾರು 1930ರಲ್ಲಿ, ಬುಡ್ಗಜಂಗಮ ಸಮುದಾಯದಲ್ಲಿ. ಊರು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿ. ಈಗ ಆ ಹೆಸರು ಕೇಳಿದರೆ ಜಾಸ್ತಿ ಜನಕ್ಕೆ ಕರಡಿಧಾಮ ನೆನಪಾಗುತ್ತದೆ. ಬುಡ್ಗಜಂಗಮರು ಅಲೆಮಾರಿಗಳು. ಮನೆಯಲ್ಲಿ ತೆಲುಗು ಮಾತು, ಊರೂರು ತಿರುಗಿ ಕಥೆ ಹಾಡುವುದು ಹೊಟ್ಟೆಪಾಡು. ಈರಮ್ಮ ಶಾಲೆಗೆ ಹೋಗಲಿಲ್ಲ. ಹನ್ನೆರಡರ ವಯಸ್ಸಿಗೆ ಅಪ್ಪನಿಂದ ಕಥೆ ಕಲಿಯಲು ಶುರುಮಾಡಿದರು. ಆಗ ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ಗಡಿ ಬದಲಾದರೂ ಹಾಡುವವರ ದಾರಿ ಬದಲಾಗಲಿಲ್ಲ. ಕನ್ನಡ ಊರಿನಲ್ಲಿ ಕನ್ನಡದ ಕಥೆ, ತೆಲುಗು ಊರಿನಲ್ಲಿ ತೆಲುಗು ಕಥೆ.

ಬುರ್ರಕಥೆಯನ್ನು ಒಬ್ಬರೇ ಹಾಡಲು ಆಗುವುದಿಲ್ಲ. ಮುಂದಾಳು ಕಥೆ ನಡೆಸುತ್ತಾರೆ, ಪಕ್ಕದ ಇಬ್ಬರು ವಾದ್ಯ ನುಡಿಸುತ್ತ ಸೊಲ್ಲು ಹಿಡಿಯುತ್ತಾರೆ, ನಡುನಡುವೆ ಪ್ರಶ್ನೆ ಕೇಳಿ ಕಥೆ ಮುಂದೆ ತಳ್ಳುತ್ತಾರೆ. ಈರಮ್ಮನ ಪಕ್ಕದಲ್ಲಿ ಹಾಡುತ್ತಿದ್ದವರು ಅವರ ಮನೆಯ ಹೆಂಗಸರೇ. ತೆಲುಗಿನಲ್ಲಿ ಇದೇ ಕಲೆ 1940ರ ದಶಕದಲ್ಲಿ ರಾಜಕೀಯ ಚಳವಳಿಯ ವೇದಿಕೆ ಹತ್ತಿತು, ಬುರ್ರಕಥೆ ಕಲಾವಿದ ಶೇಖ್ ನಾಜರ್ ಅವರಿಗೆ 1986ರಲ್ಲಿ ಪದ್ಮಶ್ರೀಯೂ ಬಂತು. ನಮ್ಮ ಕಡೆ ಅದು ಮನೆ ಬಾಗಿಲಲ್ಲಿ ಕಾಳು ಕಡಿ ಪಡೆಯುವ ಹಾಡಾಗಿಯೇ ಬಹಳ ಕಾಲ ಉಳಿಯಿತು.

ಅವರು ಹಾಡಿದ ಕಥೆಗಳಲ್ಲಿ ಕುಮಾರರಾಮನದು ಮುಖ್ಯ. ಕಂಪಿಲಿ ರಾಜ್ಯದ ಈ ರಾಜಕುಮಾರನ ಕುಮ್ಮಟದುರ್ಗವೂ ಕಂಪ್ಲಿಯೂ ದರೋಜಿಯಿಂದ ಬಹಳ ದೂರವಿಲ್ಲ. 1327ರ ಹೊತ್ತಿಗೆ ದೆಹಲಿಯ ಸೇನೆ ಬಂದು ಆ ರಾಜ್ಯ ಮುಳುಗಿತು. ಕುಮಾರರಾಮ ಸತ್ತ, ಆದರೆ ಅವನ ಕಥೆ ಆ ನೆಲದ ಜನರ ಬಾಯಲ್ಲಿ ಉಳಿಯಿತು. ಮಲತಾಯಿ ರತ್ನಾಜಿ ಆಸೆಪಟ್ಟದ್ದು, ಅವನು ಒಪ್ಪದೇ ಇದ್ದದ್ದು, ಅವಳು ಅಪವಾದ ಹೊರಿಸಿದ್ದು, ತಂದೆಯೇ ಮಗನ ತಲೆ ತೆಗೆಯಲು ಹೇಳಿದ್ದು, ಇದನ್ನೆಲ್ಲ ಹಾಡಲು ಒಂದು ರಾತ್ರಿ ಸಾಲದು. ಹದಿನಾರನೇ ಶತಮಾನದಲ್ಲಿ ಇದೇ ಕಥೆಯನ್ನು ಸಾಂಗತ್ಯ ಎಂಬ ಛಂದಸ್ಸಿನಲ್ಲಿ ಬರೆದ ನಂಜುಂಡ ಕವಿಯ ಹೆಸರು ಸಾಹಿತ್ಯ ಚರಿತ್ರೆಯಲ್ಲಿದೆ. ಅವನೇನೂ ಕಥೆ ಹೊಸದಾಗಿ ಹುಟ್ಟಿಸಿರಲಿಲ್ಲ, ಇದ್ದ ಕಥೆಗೆ ತನ್ನ ಮಾತು ಕೊಟ್ಟ. ಅದನ್ನೇ ಬಾಯಲ್ಲಿ ಮಾಡಿದ ಈರಮ್ಮನನ್ನು ಕವಿ ಎಂದು ಕರೆದವರು ಕಡಿಮೆ.

ಗೊಂದಲದ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಈರಮ್ಮನಿಗೆ 12 ಮಹಾಕಾವ್ಯ ಬರುತ್ತಿತ್ತು, ಅಚ್ಚು ಹಾಕಿದರೆ 7,000 ಪುಟ ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೊಗಳಿಕೆ ಯಾವಾಗಲೂ ನೆನಪಿನ ಶಕ್ತಿಗೆ. ಅವರು ಕಾಳು ತುಂಬಿಟ್ಟ ಕಣಜ ಅನ್ನುವ ಹಾಗೆ. ಆದರೆ ಕಥೆ ಹಾಡುವವರು ಕಂಠಪಾಠ ಒಪ್ಪಿಸುವುದಿಲ್ಲ. ಎದುರಿಗೆ ಯಾರು ಕೂತಿದ್ದಾರೆ, ಎಷ್ಟು ಹೊತ್ತಿದೆ ಎಂದು ನೋಡಿ ಒಂದು ಪ್ರಸಂಗ ಹಿಗ್ಗಿಸುತ್ತಾರೆ, ಇನ್ನೊಂದನ್ನು ಎರಡು ಸೊಲ್ಲಿನಲ್ಲಿ ಮುಗಿಸುತ್ತಾರೆ, ಅಳುವ ಜಾಗದಲ್ಲಿ ಹೊಸ ಮಾತು ಕಟ್ಟುತ್ತಾರೆ. ಅದು ರಚನೆ. ಬರೀ ನೆನಪು ಅಂದಕೂಡಲೇ ಅವರ ಪಾಲು ಕಳೆದುಹೋಗುತ್ತದೆ.

ಮನ್ನಣೆ ಬಂದದ್ದು ವಯಸ್ಸು ಎಪ್ಪತ್ತರ ಹತ್ತಿರ ಬಂದಾಗ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ. ಅವರ ಕಾವ್ಯಗಳು ಪುಸ್ತಕವಾಗಿ ಬಂದವು. ಈ ಸಲ ಹಾಡಿದವರ ಹೆಸರೂ ಇತ್ತು, ಅದು ಮೊದಲಿನವರಿಗೆ ಸಿಗದ ಭಾಗ್ಯ. ಆದರೂ ಪ್ರಶಸ್ತಿ ಒಬ್ಬರಿಗೆ ಹೋಗುತ್ತದೆ, ಹಾಡು ಮೂವರದು. ಪಕ್ಕದಲ್ಲಿ ಕೂತು ಜೀವನಪೂರ್ತಿ ಸೊಲ್ಲು ಹಿಡಿದವರು ಸುಮ್ನೆ 'ಸಂಗಡಿಗರು' ಆಗಿಬಿಡುತ್ತಾರೆ. 2014ರ ಆಗಸ್ಟ್ 12ರಂದು ಈರಮ್ಮ ತೀರಿಕೊಂಡರು.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಜಾಸ್ತಿ ಜನ ಗಮನಿಸಿಲ್ಲ. ಪರಂಪರೆಯ ಕಥೆಗೆ ಕರ್ತೃ ಇಲ್ಲ, ಹಾಗಾಗಿ ಅದರ ಮೇಲೆ ಯಾರಿಗೂ ಕೃತಿಸ್ವಾಮ್ಯ ಇಲ್ಲ. ಇಷ್ಟೇ ಕೇಳಿ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಕೃತಿಸ್ವಾಮ್ಯ ಕಾಯ್ದೆಯ 1994ರ ತಿದ್ದುಪಡಿಯಲ್ಲಿ ಹಾಡಿದವರಿಗೇ ಪ್ರತ್ಯೇಕವಾದ ಪ್ರದರ್ಶಕರ ಹಕ್ಕು ಬಂತು. ಮೊದಲು ಅದು 25 ವರ್ಷ ಇತ್ತು, 1999ರಲ್ಲಿ 50 ವರ್ಷವಾಯಿತು. 2012ರ ತಿದ್ದುಪಡಿಯಿಂದ ಹಾಡಿದವರ ಹೆಸರು ಹೇಳಬೇಕು ಎನ್ನುವ ಹಕ್ಕೂ ಸೇರಿತು, ವ್ಯಾಪಾರಕ್ಕೆ ಬಳಸಿದರೆ ಗೌರವಧನವೂ ಸಲ್ಲಬೇಕು. ಇದರಲ್ಲಿ ಸಿನಿಮಾ ಗಾಯಕರು, ಅಲೆಮಾರಿ ಗಾಯಕರು ಎಂಬ ಭೇದವಿಲ್ಲ, ಪಕ್ಕದಲ್ಲಿ ಸೊಲ್ಲು ಹಿಡಿದವರೂ ಪ್ರದರ್ಶಕರೇ. ಹೆಬ್ಬೆಟ್ಟು ಒತ್ತಿ ಬದುಕಿದವರಿಗೆ ಇದನ್ನು ಕೂತು ವಿವರಿಸುವ ಕೆಲಸ ಮಾತ್ರ ಯಾರ ಪಾಲಿಗೂ ಬರಲಿಲ್ಲ.

2000ನೇ ಇಸವಿಯಲ್ಲಿ ಹಾಡಿದ್ದರ ಹಕ್ಕು 2050ರ ಕೊನೆಯವರೆಗೂ ಇರುತ್ತದೆ. ಅಂದರೆ ಈರಮ್ಮನ ಕಡೆಗಾಲದ ಧ್ವನಿಮುದ್ರಣಗಳ ವಿಷಯ ಇನ್ನೂ ಮುಗಿದಿಲ್ಲ. ಅವು ಯಾರ ಹತ್ತಿರ ಇವೆ, ಜೊತೆಗೆ ಹಾಡಿದವರು ಯಾರು, ವಾರಸುದಾರರು ಯಾರು ಎಂದು ಈಗಲೇ ಪಟ್ಟಿ ಮಾಡಿಟ್ಟರೆ ಮುಂದೆ ಯಾರಾದರೂ ಬಳಸುವಾಗ ಕೇಳುವುದಕ್ಕಾದರೂ ಒಂದು ಆಧಾರ ಇರುತ್ತದೆ.