ಕಾಣದ ಬೆಳಕು ಬಿಟ್ಟು ಹಸಿರು ತೆಗೆದವರು

ಕಕ್ಕಡದ ಮಳೆಗೆ ಮರ ಬಿದ್ದು ಫೈಬರ್ ತುಂಡಾಗುವುದು ನಮ್ಮ ಮಡಿಕೇರಿ ಕಡೆ ಮಾಮೂಲಿ. ಈ ಸಲ ರಿಪೇರಿಗೆ ಬಂದ ಹುಡುಗ ಪೆನ್ನಿನಂಥ ಲೇಸರ್‌ನಿಂದ ಕೆಂಪು ಬೆಳಕು ಬಿಟ್ಟ. ಕಾಫಿ ತೋಟದ ಬೇಲಿ ಹತ್ತಿರ, ತುಂಡಾದ ಕಡೆ, ಕೆಂಪಗೆ ಹೊಳೆಯಿತು. ಬಗ್ಗಿ ನೋಡಲು ಹೋದರೆ "ತುದಿಗೆ ಕಣ್ಣಿಡಬೇಡಿ ಸಾರ್, ಇಂಟರ್ನೆಟ್ ಬೆಳಕು ಕಣ್ಣಿಗೆ ಕಾಣಲ್ಲ" ಅಂದ.

ಆ ಕಾಣದ ಬೆಳಕನ್ನೇ ಗಾಜಿನ ಎಳೆಗೆ ಬಿಟ್ಟು ಹಸಿರು ತೆಗೆದವರಿದ್ದಾರೆ.

ಕಥೆ ಶುರುವಾಗುವುದು 1961ರಲ್ಲಿ, ಲೇಸರ್ ಹುಟ್ಟಿದ ಮರುವರ್ಷ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕೆನ್ ತಂಡ ಕ್ವಾರ್ಟ್ಸ್ ಹರಳಿಗೆ 694 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಲೇಸರ್ ಬಿಟ್ಟಿತು. ಅದರ ಅರ್ಧದಷ್ಟು, 347 ನ್ಯಾನೋಮೀಟರ್‌ನ ಬೆಳಕೂ ಚೂರು ಹೊರಬಂತು. ಫೋಟೋದಲ್ಲಿ ಅದು ಎಷ್ಟು ಸಣ್ಣ ಚುಕ್ಕೆಯೆಂದರೆ, ಪತ್ರಿಕೆಯವರು ಕೊಳೆ ಅಂದುಕೊಂಡು ಅಳಿಸಿಬಿಟ್ಟರಂತೆ! ಬೆಳಕು ತುಂಬಾ ಜೋರಾಗಿದ್ದರೆ ಮಾತ್ರ ಇಂಥದ್ದು ನಡೆಯುತ್ತದೆ. ಹರಳು ಬೆಳಕಿನ ಕಂಪನವನ್ನು ಎರಡರಷ್ಟು ಮಾಡುತ್ತದೆ, ಆಗ ಅಲೆಯುದ್ದ ಅರ್ಧವಾಗುತ್ತದೆ. ಮಾಮೂಲಿ ಗಾಜಿಗೆ ಅದು ಒಗ್ಗುವುದಿಲ್ಲ, ಗಾಜು ಕಂಪನವನ್ನು ಮೂರರಷ್ಟು ಮಾಡುತ್ತದೆ, ಅಲೆಯುದ್ದ ಮೂರನೇ ಒಂದು ಪಾಲಾಗುತ್ತದೆ.

ಆಮೇಲೆ 1996. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫಿಲಿಪ್ ರಸೆಲ್, ಜೊನಾಥನ್ ನೈಟ್ ಮತ್ತವರ ಜೊತೆಗಾರರು ಗಾಜಿನ ಸಣ್ಣ ಕೊಳವೆಗಳನ್ನು ಒಟ್ಟಿ, ನಡುವೆ ಒಂದು ಗಟ್ಟಿ ಕಡ್ಡಿ ಇಟ್ಟು, ಕಾಯಿಸಿ ಕೂದಲಿನಷ್ಟು ತೆಳ್ಳಗೆ ಎಳೆದರು. ಅಡ್ಡ ಕತ್ತರಿಸಿದರೆ ಥೇಟ್ ಜೇನುಗೂಡು. ಕೊಡಗಿನವರಿಗೆ ಅದನ್ನು ವರ್ಣಿಸಬೇಕಾಗಿಲ್ಲ ಅಲ್ವಾ! ತೂತುಗಳ ಅಳತೆ ಬದಲಿಸಿದರೆ ಯಾವ ಬಣ್ಣ ಎಷ್ಟು ವೇಗದಲ್ಲಿ ಹೋಗಬೇಕು ಅನ್ನುವುದನ್ನೂ ಬದಲಿಸಬಹುದು, ನಡುವಿನ ಗಾಜು ಚಿಕ್ಕದಾದಷ್ಟೂ ಬೆಳಕು ಒತ್ತಿಕೊಂಡು ಜೋರಾಗುತ್ತದೆ. 2000ದಲ್ಲಿ ಬೆಲ್ ಲ್ಯಾಬ್ಸ್‌ನವರು ಇಂಥ ಬರೀ 75 ಸೆಂಟಿಮೀಟರ್ ಎಳೆಯಿಂದ ನೇರಳೆಯಿಂದ ಕೆಂಪಿನಾಚೆಯ ಕಾಣದ ಇನ್‌ಫ್ರಾರೆಡ್‌ವರೆಗಿನ ಬಣ್ಣಗಳನ್ನೆಲ್ಲ ತೆಗೆದರು.

ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಮರುವರ್ಷದ ಕೆಲಸ. ಫಿಯೊರೆಂಜೊ ಒಮೆನೆಟ್ಟೊ ತಂಡ ಇಂಥದೇ ತೂತಿನ ಎಳೆಗೆ 1550 ನ್ಯಾನೋಮೀಟರ್‌ನ ಮಿಂಚಿನಂಥ ಇನ್‌ಫ್ರಾರೆಡ್ ಪಲ್ಸ್ ಬಿಟ್ಟಿತು, 517ರ ಹಸಿರು ಬಂತು. ಸರಿಯಾಗಿ ಮೂರನೇ ಒಂದು ಪಾಲು. ಸುಮ್ನೆ ಬರುವಂಥದ್ದಲ್ಲ ಇದು. ಗಾಜಿನಲ್ಲಿ ಹಸಿರು ಬೆಳಕು ಇನ್‌ಫ್ರಾರೆಡ್‌ಗಿಂತ ನಿಧಾನ. ನಮ್ಮ ಉಮ್ಮತ್ತಾಟ್ ಕುಣಿತದಲ್ಲಿ ತಾಳ ತಪ್ಪಿದ ಹಾಗೆ ಅಲೆಗಳ ಹೆಜ್ಜೆ ತಪ್ಪಿದರೆ, ಹಿಂದೆ ಹುಟ್ಟಿದ ಹಸಿರನ್ನು ಮುಂದೆ ಹುಟ್ಟಿದ್ದು ಅಳಿಸಿಹಾಕುತ್ತದೆ. ಇಲ್ಲಿ ಕೈ ಹಿಡಿದದ್ದು ಮೋಡ್‌ಗಳು, ಅಂದರೆ ಒಂದೇ ಎಳೆಯಲ್ಲಿ ಬೆಳಕು ಸಾಗುವ ಬೇರೆ ಬೇರೆ ವಿನ್ಯಾಸಗಳು. ಮೇಲಿನ ಮೋಡ್‌ಗಳಲ್ಲಿ ಬೆಳಕು ಓರೆಯಾಗಿ ಪುಟಿಯುತ್ತಾ ಹೋಗುತ್ತದೆ. ಹಾಗಾದರೆ ಇನ್ನೂ ನಿಧಾನ ಆಗಬೇಕಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲಿ ಲೆಕ್ಕ ಅಲೆಯ ಏರುಗಳದ್ದು, ಅವು ಎಳೆಯ ಉದ್ದಕ್ಕೂ ಬೇಗ ಮುಂದೆ ಸರಿಯುತ್ತವೆ. ಹಿಂದೆ ಬಿದ್ದ ಹಸಿರು ಅಂಥದ್ದೊಂದು ಮೋಡ್ ಹಿಡಿದು ಇನ್‌ಫ್ರಾರೆಡ್‌ನ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ.

ಇಂಟರ್ನೆಟ್‌ನವರಿಗೆ ಈ ಮೋಡ್‌ಗಳೆಂದರೆ ಬರೀ ಕಾಟ, ಸಿಗ್ನಲ್ ಕಲಸಿಬಿಡುತ್ತವೆ. ಅದಕ್ಕೇ ನಮ್ಮ ರಸ್ತೆ ಬದಿಯ ಕೇಬಲ್ ಸಿಂಗಲ್ ಮೋಡ್. ಅದರಲ್ಲಿ ಹಸಿರು ಕಾಣಬಹುದಾ ಅಂತ ಆ ಹುಡುಗನನ್ನು ಕೇಳಿದೆ. "ಹಸಿರು ಲೈಟ್ ಬೇಕಾದರೆ ಮೋಡೆಮ್ ನೋಡಿ ಸಾರ್" ಅಂತ ನಕ್ಕು ಬೈಕ್ ಹತ್ತಿದ.