ಮೊಟ್ಟೆ ಇಡದ ಹೇಂಟೆಯ ರಕ್ತದಲ್ಲಿ ಏನಿತ್ತು?

ಒಂದೇ ದಿನ ಹುಟ್ಟಿದ ಎರಡು ಕೋಳಿಗಳು. ಒಂದೇ ಗೂಡು, ಒಂದೇ ಆಹಾರ, ತೂಕವೂ ಹೆಚ್ಚುಕಡಿಮೆ ಒಂದೇ. ಆದರೂ ಒಂದರ ಹೊಟ್ಟೆಯೊಳಗೆ ಹಳದಿ ಕೊಬ್ಬಿನ ಮುದ್ದೆ, ಇನ್ನೊಂದರಲ್ಲಿ ತೆಳ್ಳನೆಯ ಪದರ. ಜಾಸ್ತಿ ತಿಂದಿರಬೇಕು ಅಂತ ಸುಮ್ನೆ ಬಿಟ್ಟುಬಿಡಬಹುದು. ಆದರೆ ಈ ವ್ಯತ್ಯಾಸದಲ್ಲಿ ದೊಡ್ಡ ಪಾಲು ಜೀನ್‌ಗಳದ್ದು.

ಕೋಳಿಯ ಕೊಬ್ಬು ಮುಖ್ಯವಾಗಿ ತಯಾರಾಗುವುದು ಲಿವರ್‌ನಲ್ಲಿ. ಹಂದಿಯಲ್ಲಾದರೆ ಕೊಬ್ಬಿನ ಜೀವಕೋಶಗಳೇ ಆ ಕೆಲಸ ಮಾಡಿಕೊಳ್ಳುತ್ತವೆ. ಕೋಳಿಯ ಲಿವರ್ ಕೊಬ್ಬನ್ನು ವಿಎಲ್‌ಡಿಎಲ್ ಎಂಬ ಪುಟ್ಟ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಹೊಟ್ಟೆಯ ಕೊಬ್ಬಿನ ಸುಳಿವು ರಕ್ತದಲ್ಲೂ ಸಿಗುತ್ತದೆ. ಇದು ತಳಿ ಬೆಳೆಸುವವರಿಗೆ ಬಹಳ ಅನುಕೂಲ. ಕೊಬ್ಬನ್ನು ತೂಗಬೇಕಾದರೆ ಕೋಳಿಯನ್ನು ಕೊಲ್ಲಬೇಕು, ಕೊಂದ ಕೋಳಿಯಿಂದ ಮರಿ ಸಿಗುವುದಿಲ್ಲ ಅಲ್ವಾ? ಚೀನಾದ ಹಾರ್ಬಿನ್‌ನಲ್ಲಿರುವ ಈಶಾನ್ಯ ಕೃಷಿ ವಿಶ್ವವಿದ್ಯಾಲಯದಲ್ಲಿ 1996ರಿಂದ ಹೊಟ್ಟೆಯ ಕೊಬ್ಬು, ರಕ್ತದ ವಿಎಲ್‌ಡಿಎಲ್ ಎರಡನ್ನೂ ನೋಡಿ ಬ್ರಾಯ್ಲರ್ ಕೋಳಿಗಳನ್ನು ಆರಿಸುತ್ತಾ ಬಂದರು. ಒಂದೇ ಮೂಲದಿಂದ ಕೊಬ್ಬಿನದೊಂದು, ತೆಳ್ಳಗಿನದೊಂದು, ಹೀಗೆ ಎರಡು ಸಾಲುಗಳು ಬೇರೆಯಾದವು. ಇದರ ಹಿಂದೆ ಇರುವುದು ಒಂದೇ ಜೀನ್ ಅಲ್ಲ. ಹಲವಾರು ಜೀನ್‌ಗಳ ಸಣ್ಣಸಣ್ಣ ವ್ಯತ್ಯಾಸಗಳು ಒಟ್ಟು ಸೇರಿವೆ.

ಕೆಲವೊಮ್ಮೆ ಮಾತ್ರ ಜೀನ್‌ನ ಬರಹದಲ್ಲಿ ಒಂದೇ ಅಕ್ಷರದ ತಪ್ಪು ಎಲ್ಲವನ್ನೂ ಬುಡಮೇಲು ಮಾಡುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದೇ. ಮೊಟ್ಟೆ ಇಡುವ ವಯಸ್ಸಿಗೆ ಬಂದ ಹೇಂಟೆಯ ಲಿವರ್ ಈಸ್ಟ್ರೋಜೆನ್ ಪ್ರಭಾವದಿಂದ ರಾಶಿ ರಾಶಿ ವಿಎಲ್‌ಡಿಎಲ್ ಮಾಡುತ್ತದೆ. ಮೊಟ್ಟೆಯ ಹಳದಿಗೆ ಕೊಬ್ಬು ಸೇರುವುದು ಅದರಿಂದಲೇ. ಬೆಳೆಯುತ್ತಿರುವ ಅಂಡದ ಮೇಲಿನ ಒಂದು ಪ್ರೋಟೀನ್ ಆ ಕಣಗಳನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಒಂದು ಬಗೆಯ ಲೆಗ್‌ಹಾರ್ನ್ ಕೋಳಿಗಳಲ್ಲಿ ಈ ಪ್ರೋಟೀನ್ ಕೆಟ್ಟಿದೆ. ಅದರಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಇರಬೇಕಾದ ಒಂದು ಜಾಗದಲ್ಲಿ ಸೆರಿನ್ ಎಂಬ ಬೇರೊಂದು ಬಂದು ಕೂತಿದೆ, ಅಷ್ಟೇ. ಲಿವರ್ ಸರಕು ಕಳಿಸುತ್ತಲೇ ಇರುತ್ತದೆ, ಇಳಿಸಿಕೊಳ್ಳುವವರಿಲ್ಲ. ರಕ್ತದಲ್ಲಿ ಕೊಬ್ಬು, ಕೊಲೆಸ್ಟ್ರಾಲ್ ವಿಪರೀತ ಏರುತ್ತವೆ. ರಕ್ತನಾಳಗಳು ಹಾಳಾಗುತ್ತವೆ. ಮೊಟ್ಟೆಯಂತೂ ಬರುವುದೇ ಅಪರೂಪ.

ಹಾಗಾದರೆ ಈ ದೋಷ ಮುಂದಿನ ಪೀಳಿಗೆಗೆ ಹೋಗುವುದು ಹೇಗೆ? ಹುಂಜದಿಂದ. ಆ ಪ್ರೋಟೀನ್‌ನ ಜೀನ್ ಇರುವುದು ಝಡ್ ಎಂಬ ಲಿಂಗ ವರ್ಣತಂತುವಿನಲ್ಲಿ. ಹುಂಜಕ್ಕೆ ಅಂಥವು ಎರಡು, ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ. ಹೇಂಟೆಗೆ ಇರುವುದು ಒಂದೇ. ಅಂಥ ಹುಂಜದ ಹೆಣ್ಣುಮರಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಈ ತೊಂದರೆ ಬರುತ್ತದೆ.

ಅದೇ ಝಡ್ ವರ್ಣತಂತುವಿನಲ್ಲಿ ಎಬಿಸಿಎ1 ಎಂಬ ಇನ್ನೊಂದು ಜೀನ್ ಇದೆ. ಅದು ಕೆಟ್ಟರೆ ರಕ್ತದಲ್ಲಿ ಕೊಬ್ಬು ಸಾಗಿಸುವ ಇನ್ನೊಂದು ಬಗೆಯ ಕಣವಾದ ಎಚ್‌ಡಿಎಲ್ ಇಲ್ಲವೇ ಇಲ್ಲ ಅನ್ನುವಷ್ಟು ಇಳಿದುಬಿಡುತ್ತದೆ. ಕಾಳಿನಿಂದ ಬರುವ ಹಳದಿ ಬಣ್ಣವನ್ನು ಮೈಗೆಲ್ಲ ಹಂಚುವುದು ಎಚ್‌ಡಿಎಲ್. ಹಾಗಾಗಿ ಇಂಥ ಕೋಳಿಗಳ ಕೊಕ್ಕು, ಚರ್ಮ ಬಿಳಿಚಿಕೊಂಡಿರುತ್ತವೆ. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟರೆ ಟ್ಯಾಂಜಿಯರ್ ಕಾಯಿಲೆ ಬರುತ್ತದೆ. ಅಲ್ಲಿ ಬಣ್ಣದ ಕಥೆ ಉಲ್ಟಾ: ಗಂಟಲಿನ ಟಾನ್ಸಿಲ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.